ಆಷಾಢದ ತೇವದಲ್ಲಿ ಲಗ್ನಪತ್ರಿಕೆಗೆ ಚಿನ್ನದ ಅಕ್ಷರ: ನನ್ನ ಅನುಭವ

ಮನೆಯಲ್ಲೇ ಮಾಡುವ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ಚಿನ್ನದ ಬಣ್ಣದಲ್ಲಿ ಹೊಳೆಯಬೇಕೆಂದರೆ ಲೇಸರ್ ಪ್ರಿಂಟ್, ಟೋನರ್ ಫಾಯಿಲ್, ಲ್ಯಾಮಿನೇಶನ್ ಮಷಿನ್ ಇದ್ದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಬಯಲುಸೀಮೆಯಲ್ಲಿ ಅಷ್ಟು ಸಾಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ನಾಲ್ಕನೆಯದೊಂದು ಬೇಕು: ಒಣಗಿದ ಕಾಗದ. ಆಷಾಢದಲ್ಲಿ ಮದುವೆ ಇಲ್ಲ, ನಿಜ. ಆದರೆ ಶ್ರಾವಣದ ಮುಹೂರ್ತಗಳಿಗೆ ಪತ್ರಿಕೆ ಆಷಾಢದಲ್ಲೇ ತಯಾರಾಗಿ ಹಂಚಿಕೆಗೆ ಹೊರಡಬೇಕು. ಮಳೆ ಹಿಡಿದರೆ ಬಿಡದ ಆ ದಿನಗಳಲ್ಲಿ ಮನೆಯೊಳಗಿನ ಗಾಳಿಯ ತೇವ ಶೇ. 85 ದಾಟಿರುತ್ತದೆ, ಕಾಗದಕ್ಕೆ ಹಿತವಾದದ್ದು ಶೇ. 45ರಿಂದ 55. ಫಾಯಿಲ್ ಕೆಟ್ಟಿತೆಂದು ಹೆಚ್ಚಿನವರು ಮಷಿನ್ನನ್ನು ಬೈಯುತ್ತಾರೆ. ನಾನು ಮೊದಲು ನೋಡುವುದು ಕಾಗದವನ್ನು, ಆಮೇಲೆ ಟೋನರನ್ನು, ಕೊನೆಗೆ ಮಷಿನ್ನನ್ನು.

ಕೆಲಸ ನಡೆಯುವ ಬಗೆ ಹೀಗೆ. ಲೇಸರ್ ಪ್ರಿಂಟರಿನ ಟೋನರ್ ಶಾಯಿಯಲ್ಲ, ಬಣ್ಣ ಬೆರೆಸಿದ ಪ್ಲಾಸ್ಟಿಕ್ ಪುಡಿ. ಪ್ರಿಂಟರಿನ ಒಳಗಿನ ಬಿಸಿ ರೋಲರ್ ಅದನ್ನು ಕರಗಿಸಿ ಕಾಗದಕ್ಕೆ ಹಿಡಿಸುತ್ತದೆ. ಆ ಅಕ್ಷರದ ಮೇಲೆ ಫಾಯಿಲ್ ಇಟ್ಟು ಲ್ಯಾಮಿನೇಶನ್ ಮಷಿನ್ನಿನಲ್ಲಿ ಮತ್ತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಟೋನರ್ ಮೆತ್ತಗಾಗಿ ಅಂಟಂಟಾಗುತ್ತದೆ. ಫಾಯಿಲ್ ಎಂದರೆ ತೆಳು ಪಾಲಿಯೆಸ್ಟರ್ ಹಾಳೆಯ ಮೇಲೆ ಬಿಡಿಸಿಕೊಳ್ಳುವ ಒಂದು ಪದರ, ಹಳದಿ ಛಾಯೆಯ ಮೆರುಗೆಣ್ಣೆ, ಅದರಡಿ ಅಲ್ಯೂಮಿನಿಯಂ. ಮೆತ್ತಗಾದ ಟೋನರ್ ಈ ಬಣ್ಣದ ಪದರವನ್ನು ಕಚ್ಚಿಕೊಳ್ಳುತ್ತದೆ, ಪಾಲಿಯೆಸ್ಟರ್ ಹಾಳೆ ಮಾತ್ರ ಕೈಗೆ ಬರುತ್ತದೆ. ಇಂಕ್‌ಜೆಟ್ ಪ್ರಿಂಟಿನಲ್ಲಿ ಈ ಪ್ಲಾಸ್ಟಿಕ್ ಇಲ್ಲ, ಹಾಗಾಗಿ ಅದಕ್ಕೆ ಫಾಯಿಲ್ ಹಿಡಿಯುವುದೇ ಇಲ್ಲ. ಜೆರಾಕ್ಸ್ ಪ್ರತಿಗೆ ಹಿಡಿಯುತ್ತದೆ.

ಕೊಳ್ಳುವಾಗ ‘ಟೋನರ್ ರಿಯಾಕ್ಟಿವ್’ ಎಂದು ಬರೆದಿರುವ ಫಾಯಿಲನ್ನೇ ಕೇಳಿ. ಪ್ರೆಸ್‌ನವರು ಲೋಹದ ಅಚ್ಚು ಕಾಯಿಸಿ ಒತ್ತಲು ಬಳಸುವ ಹಾಟ್ ಸ್ಟಾಂಪಿಂಗ್ ಫಾಯಿಲ್ ಬೇರೆ ಜಾತಿಯದು. ಅದರ ಬೆನ್ನಿಗೆ ಬಿಸಿಗೆ ಕರಗುವ ಅಂಟು ಇರುತ್ತದೆ, ಲ್ಯಾಮಿನೇಶನ್ ಮಷಿನ್ನಿನಲ್ಲಿ ಹಾಕಿದರೆ ಅಕ್ಷರ ಬಿಟ್ಟು ಖಾಲಿ ಜಾಗಕ್ಕೂ ಮೆತ್ತಿಕೊಳ್ಳಬಹುದು.

ಕಾಗದದಲ್ಲಿ ಮೊದಲ ತೊಡಕು ದಪ್ಪ. ಪತ್ರಿಕೆ ಎಂದರೆ 300 ಜಿಎಸ್‌ಎಂ (ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಎಂದು ಎಲ್ಲರ ಮನಸ್ಸಿನಲ್ಲಿದೆ. ಆದರೆ ಮನೆಬಳಕೆಯ ಬಹುಪಾಲು ಲೇಸರ್ ಪ್ರಿಂಟರ್‌ಗಳು 163 ಜಿಎಸ್‌ಎಂಗಿಂತ ದಪ್ಪದ್ದನ್ನು ಸರಿಯಾಗಿ ಎಳೆಯುವುದಿಲ್ಲ. ಎಳೆದರೂ ದಪ್ಪ ಕಾಗದ ಬೇಕಾದಷ್ಟು ಕಾಯದೆ ಟೋನರ್ ಪುಡಿಪುಡಿಯಾಗಿ ಉದುರುತ್ತದೆ. ದಾರಿ ಎರಡಿವೆ. 160ರ ನಯವಾದ ಕಾಗದಕ್ಕೆ ಮನೆಯಲ್ಲೇ ಪ್ರಿಂಟ್ ತೆಗೆದು, ಫಾಯಿಲ್ ಹಾಕಿ, ಆಮೇಲೆ ದಪ್ಪ ಬಣ್ಣದ ಕಾರ್ಡಿನ ಮೇಲೆ ಅಂಟಿಸುವುದು ಒಂದು. 250 ಅಥವಾ 300ರ ಕಾಗದವನ್ನು ಶಿವಮೊಗ್ಗದ ಡಿಜಿಟಲ್ ಪ್ರಿಂಟ್ ಅಂಗಡಿಗೆ ಒಯ್ದು ಪ್ರಿಂಟ್ ಮಾತ್ರ ಮಾಡಿಸಿ ತರುವುದು ಇನ್ನೊಂದು. ನನಗೆ ಮೊದಲನೆಯದೇ ಮೆಚ್ಚು: ತೆಳು ಕಾಗದ ಬೇಗ ಒಣಗುತ್ತದೆ, ಬೇಗ ಕಾಯುತ್ತದೆ, ಕೆಟ್ಟರೆ ನಷ್ಟ ಕಡಿಮೆ. ಅಂಗಡಿಗೆ ಹೋಗುವುದಾದರೆ ಮೂರು ಮಾತು ಹೇಳಿಬಿಡಿ: ಬರೀ ಕಪ್ಪು ಟೋನರ್, ಅದೂ ಪೂರ್ಣ ಶೇ. 100 ಕಪ್ಪು, ಟೋನರ್ ಉಳಿಸುವ ಸೆಟ್ಟಿಂಗ್ ಬೇಡ, ದಪ್ಪ ಕಾಗದದ ಸೆಟ್ಟಿಂಗ್ ಹಾಕಿ. ಬೂದು ಬಣ್ಣವನ್ನು ಪ್ರಿಂಟರ್ ಚುಕ್ಕಿಗಳಾಗಿ ಒಡೆಯುತ್ತದೆ, ಫಾಯಿಲ್ ಕೂಡ ಚುಕ್ಕಿಚುಕ್ಕಿಯಾಗಿಯೇ ಹಿಡಿಯುತ್ತದೆ. ಎಲ್ಲ ಹಾಳೆಗಳನ್ನೂ ಒಟ್ಟಿಗೆ ಹಾಕಿಸಬೇಡಿ. ಕೆಲವು ಮಷಿನ್ನುಗಳ ರೋಲರಿಗೆ ಸಿಲಿಕೋನ್ ಎಣ್ಣೆ ಬಳಸುತ್ತಾರೆ, ಅದರ ಪ್ರಿಂಟಿಗೆ ಫಾಯಿಲ್ ಕಚ್ಚುವುದಿಲ್ಲ. ಒಂದು ಹಾಳೆ ತಂದು ನೋಡಿ, ಆಮೇಲೆ ಉಳಿದದ್ದು. ಮನೆಯ ಪ್ರಿಂಟರಿಗೆ ರೀಫಿಲ್ ಮಾಡಿಸಿದ ಟೋನರ್ ಇದ್ದರೂ ಇದೇ ಪರೀಕ್ಷೆ ಆಗಲೇಬೇಕು, ಪುಡಿಯಿಂದ ಪುಡಿಗೆ ಗುಣ ಬೇರೆ.

ಉಬ್ಬುತಗ್ಗಿನ ಕಾಗದ, ಕೈಕಾಗದ ನೋಡಲು ಚೆಂದ. ಆದರೆ ತಗ್ಗಿನಲ್ಲಿ ಬಿದ್ದ ಟೋನರಿಗೆ ಫಾಯಿಲ್ ತಾಗುವುದೇ ಇಲ್ಲ, ಅಕ್ಷರ ಹುಳ ತಿಂದಂತೆ ಕಾಣುತ್ತದೆ. ನಯ ಕಾಗದವೇ ಸರಿ.

ಇನ್ನು ತೇವ. ಒದ್ದೆ ಗಾಳಿ ಕುಡಿದ ಕಾಗದ ಕಣ್ಣಿಗೆ ಒಣಗಿದಂತೆಯೇ ಇರುತ್ತದೆ. ಕೆಡುಕು ಎರಡು ಕಡೆ ಆಗುತ್ತದೆ. ಪ್ರಿಂಟರಿನಲ್ಲಿ ಟೋನರನ್ನು ಕಾಗದಕ್ಕೆ ಎಳೆಯುವುದು ವಿದ್ಯುತ್ ಆವೇಶ. ತೇವದ ಕಾಗದದಲ್ಲಿ ಅದು ಸೋರಿಹೋಗಿ ಟೋನರ್ ತೆಳುವಾಗಿ, ಅಲ್ಲಲ್ಲಿ ಮಾಸಲಾಗಿ ಬೀಳುತ್ತದೆ. ಮುಂದೆ ಲ್ಯಾಮಿನೇಶನ್ ಮಷಿನ್ನಿನಲ್ಲಿ ಒಳಗಿನ ನೀರು ಹಬೆಯಾಗಿ ಫಾಯಿಲ್ ಮತ್ತು ಟೋನರ್ ನಡುವೆ ನುಗ್ಗುತ್ತದೆ. ಅಕ್ಷರದ ಮೈಮೇಲೆ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳು ಕಂಡರೆ ಅದು ಹಬೆಯ ಕೆಲಸ. ಬಿಸಿ ಹೆಚ್ಚಿಸಿದರೆ ಚುಕ್ಕಿ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ.

ಹಾಗಾಗಿ ಕಾಗದದ ಕಟ್ಟನ್ನು ಕೆಲಸದ ದಿನದವರೆಗೂ ಒಡೆಯುವುದಿಲ್ಲ. ಒಡೆದ ಮೇಲೆ ಉಳಿದದ್ದು ಬಿಗಿ ಮುಚ್ಚಳದ ಡಬ್ಬಿಗೋ ಸ್ಟೀಲ್ ಟ್ರಂಕಿಗೋ ಹೋಗುತ್ತದೆ, ಜೊತೆಗೆ ಸುಮಾರು 250 ಗ್ರಾಂ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದಾಗ ಬಣ್ಣ ಬದಲಿಸುತ್ತದೆ; ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಪ್ರಿಂಟಿಗೆ ಮೊದಲು ಖಾಲಿ ಹಾಳೆಯನ್ನು ಬಟರ್ ಪೇಪರಿನ (ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್) ನಡುವೆ ಇಟ್ಟು ಕಾದ ಲ್ಯಾಮಿನೇಶನ್ ಮಷಿನ್ನಿನಲ್ಲಿ ಒಮ್ಮೆ ದಾಟಿಸುತ್ತೇನೆ. ಹೊರಬಂದದ್ದನ್ನು ದಪ್ಪ ಪುಸ್ತಕದಡಿ 10 ನಿಮಿಷ ಇಟ್ಟರೆ ಸುರುಳಿ ಇಳಿಯುತ್ತದೆ, ತಕ್ಷಣ ಪ್ರಿಂಟಿಗೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಕಾಗದ ಒಣಗಿಸುವವರಿದ್ದಾರೆ. ಒಣಗುವುದು ನಿಜ, ಆದರೆ ಮಸಿಯ ಜಿಡ್ಡು ಕೂರುತ್ತದೆ, ಜಿಡ್ಡಿನ ಮೇಲೆ ಟೋನರ್ ನಿಲ್ಲುವುದಿಲ್ಲ. ಅದು ಬೇಡ.

ಅಕ್ಷರ ಜೋಡಣೆಗೆ ಬರೋಣ. ಇಂಗ್ಲಿಷಿನವರ ಸೂತ್ರ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಮೂಲಾಕ್ಷರಕ್ಕಿಂತ ಚಿಕ್ಕದು, ಅದರ ಗೆರೆ ಇನ್ನೂ ತೆಳು. ಹೆಸರು ‘ಲಕ್ಷ್ಮೀ’ ಎಂದಿದ್ದರೆ ಕ, ಷ, ಮ ಮೂರೂ ಒಂದೇ ಗುಂಪಿನಲ್ಲಿ ಕೂರುತ್ತವೆ. 18 ಪಾಯಿಂಟಿನಲ್ಲಿ ಒತ್ತಿನ ಒಳಗಿನ ಬಿಳಿ ಜಾಗವನ್ನು ಫಾಯಿಲ್ ಮುಚ್ಚಿ ಗಂಟಾಗಿಸುತ್ತದೆ. ‘ಸುಧಾ’ದಲ್ಲಿ ಧಕಾರದ ಕೆಳಗಿನ ಸೀಳುಗೆರೆ ಫಾಯಿಲ್ ಹಿಡಿಯದಷ್ಟು ಸಣ್ಣದಾದರೆ ಕೆನೆ ಬಣ್ಣದ ಕಾಗದದಲ್ಲಿ ಅದೊಂದೇ ಕಪ್ಪಾಗಿ ಉಳಿಯುತ್ತದೆ. ಮರೂನ್ ಕಾಗದದಲ್ಲಿ ಕಾಣಿಸುವುದೇ ಇಲ್ಲ, ಮದುಮಗಳು ‘ಸುದಾ’ ಆಗುತ್ತಾಳೆ. ಅದಕ್ಕೆ ಹೆಸರುಗಳು 28ರಿಂದ 36 ಪಾಯಿಂಟ್ ಇರಲಿ, ಅತಿ ತೆಳು ಗೆರೆಯೂ ಅರ್ಧ ಮಿಲಿಮೀಟರಿಗೆ ಕಡಿಮೆಯಾಗದಿರಲಿ. ‘ನೋಟೋ ಸೆರಿಫ್ ಕನ್ನಡ’ ಫಾಂಟಿನ ಬೋಲ್ಡ್ ಚೆನ್ನಾಗಿ ಹಿಡಿಯುತ್ತದೆ; ದುಂಡಗೆ ದಪ್ಪಗೆ ಬೇಕೆಂದರೆ ‘ಬಾಲೂ ತಮ್ಮ’ ಫಾಂಟ್. ಅಕ್ಷರಗಳ ನಡುವಿನ ಅಂತರ ಒಂದಿಷ್ಟು ಹೆಚ್ಚಿಸಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಕಡತವನ್ನು ಹಾಗೆಯೇ ಅಂಗಡಿಗೆ ಒಯ್ದರೆ ಅಲ್ಲಿ ಫಾಂಟ್ ಇಲ್ಲದೆ ಅಕ್ಷರವೆಲ್ಲ ಕಲಸುಮೇಲೋಗರ. ಫಾಂಟ್ ಒಳಗೇ ಸೇರಿರುವ ಪಿಡಿಎಫ್ ಮಾಡಿಕೊಂಡೇ ಹೋಗಿ.

ಎಲ್ಲವನ್ನೂ ಚಿನ್ನ ಮಾಡುವ ಆಸೆ ಬೇಡ. ಮುಹೂರ್ತದ ವೇಳೆ, ಛತ್ರದ ವಿಳಾಸ, ‘ತಮ್ಮ ಸುಖಾಗಮನಾಭಿಲಾಷಿಗಳು’ ಕೆಳಗಿನ ಹೆಸರುಗಳು ಕಪ್ಪಿನಲ್ಲೇ ಇರಬೇಕು. ದೀಪದ ಬೆಳಕಿನಲ್ಲಿ ಹೊಳೆಯುವ 11 ಪಾಯಿಂಟಿನ ಅಕ್ಷರವನ್ನು ಅಜ್ಜ ಅಜ್ಜಿಯರು ಓದಲಾರರು. ಇದಕ್ಕೆ ಎರಡು ಸಲ ಪ್ರಿಂಟ್ ಮಾಡುವ ಗೋಜು ಬೇಡ. ಎಲ್ಲವನ್ನೂ ಒಂದೇ ಸಲ ಲೇಸರಿನಲ್ಲಿ ಕಪ್ಪಾಗಿ ತೆಗೆದು, ಫಾಯಿಲ್ ತುಂಡನ್ನು ಹೆಸರಿನ ಮೇಲೆ ಮಾತ್ರ ಇಟ್ಟರೆ ಆಯಿತು. ಉಳಿದ ಟೋನರ್ ಬಟರ್ ಪೇಪರಿಗೆ ಅಂಟದೆ ಕಪ್ಪಾಗಿಯೇ ಉಳಿಯುತ್ತದೆ, ಸ್ವಲ್ಪ ಮೆರುಗು ಬರಬಹುದು ಅಷ್ಟೆ. ಆ ಬಟರ್ ಪೇಪರ್ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಆಗಿರಬೇಕು. ಬೇಕರಿಯವರು ತಿಂಡಿ ಸುತ್ತಿಕೊಡುವ ಮೇಣದ ಕಾಗದವಲ್ಲ, ಅದರ ಮೇಣ ಕರಗಿ ಪತ್ರಿಕೆಗೂ ರೋಲರಿಗೂ ಮೆತ್ತುತ್ತದೆ. ಹೆಸರಿಗೂ ಕೆಳಗಿನ ಸಾಲಿಗೂ 12 ಮಿಲಿಮೀಟರ್ ಅಂತರ ಬಿಟ್ಟೇ ವಿನ್ಯಾಸ ಮಾಡಿ.

ಲೆಕ್ಕ: 100 ಪತ್ರಿಕೆಗೆ ಎ4 ಅಡ್ಡ ಹಾಳೆಯಲ್ಲಿ ಎರಡು ಎ5 ಪತ್ರಿಕೆ ಪಕ್ಕಪಕ್ಕ, ಹೆಸರುಗಳು ಒಂದೇ ಎತ್ತರದಲ್ಲಿ. 30 ಸೆಂಟಿಮೀಟರ್ ಅಗಲದ ಸುರುಳಿಯಿಂದ 7 ಸೆಂಟಿಮೀಟರಿನ ಪಟ್ಟಿ ಕತ್ತರಿಸಿದರೆ ಎರಡಕ್ಕೂ ಒಂದೇ ಪಟ್ಟಿ ಸಾಕು. 50 ಹಾಳೆಗೆ ಮೂರೂವರೆ ಮೀಟರ್, ಪರೀಕ್ಷೆಗೂ ಕೆಟ್ಟದ್ದಕ್ಕೂ ಇನ್ನರ್ಧ ಮೀಟರ್. 5 ಮೀಟರಿನ ಒಂದು ಸುರುಳಿಯಲ್ಲಿ ಮುಗಿದು ಮಿಗುತ್ತದೆ. ಹಾಳೆಯನ್ನು ಕತ್ತರಿಸುವುದು ಫಾಯಿಲ್ ಆದ ಮೇಲೆ.

ಮಷಿನ್ನಿನ ಹಸಿರು ದೀಪ ಬಂದ ಕೂಡಲೇ ಶುರುಮಾಡಬೇಡಿ. ರೋಲರಿನ ಉದ್ದಕ್ಕೂ ಬಿಸಿ ಸಮನಾಗಲು ಇನ್ನೂ 10 ನಿಮಿಷ ಬೇಕು. ಬಿಸಿ ಬದಲಿಸುವ ಮಷಿನ್ ಆದರೆ 120ರಿಂದ 130 ಡಿಗ್ರಿ. ಬರೀ ಮೈಕ್ರಾನ್ (ಲ್ಯಾಮಿನೇಶನ್ ಹಾಳೆಯ ದಪ್ಪ) ಗುಂಡಿ ಇದ್ದರೆ 125 ಮೈಕ್ರಾನಿನದು. ಅಕ್ಷರದ ಮೇಲಿನ ಧೂಳನ್ನು ಒಣ ಬ್ರಷ್ಷಿನಿಂದ ಗುಡಿಸಿ. ಬೆರಳು ತಾಗಿಸಬೇಡಿ, ಬೆವರಿನ ಗುರುತೂ ಫಾಯಿಲನ್ನು ತಡೆಯುತ್ತದೆ. ಬಣ್ಣದ ಮೈ ಮೇಲೆ, ಮಂಕು ಮೈ ಟೋನರಿನ ಕಡೆ. ತಿರುಗಿಸಿಟ್ಟರೆ ಏನೂ ಹಿಡಿಯುವುದಿಲ್ಲ. ಪಟ್ಟಿಯನ್ನು ನಡುವಿನಿಂದ ಅಂಚಿಗೆ ಸವರಿ ಚಪ್ಪಟೆ ಮಾಡಿ, ಮಡಿಸಿದ ಬಟರ್ ಪೇಪರಿನೊಳಗೆ ಇಟ್ಟು, ಮಡಿಕೆಯ ಅಂಚನ್ನೇ ಮೊದಲು ರೋಲರಿಗೆ ಕೊಡಿ. ಎ4 ಮಷಿನ್ನಿಗೆ ಹಾಳೆಯ ಗಿಡ್ಡ ಬದಿ ಮುಂದಾಗಿ ಹೋಗುತ್ತದೆ, ಪಟ್ಟಿಯೂ ಉದ್ದಕ್ಕೆ ಓಡುತ್ತದೆ, ಸುಕ್ಕು ಕಡಿಮೆ. ಸುಕ್ಕು ಬಿದ್ದ ಕಡೆ ಅಕ್ಷರದ ಮೇಲೆ ನರದಂಥ ಕಪ್ಪು ಗೆರೆ ಉಳಿಯುತ್ತದೆ. ಹೊರಬಂದ ಹಾಳೆಯನ್ನು ಪೂರ್ತಿ ತಣಿಯಲು ಬಿಡಿ. ಬಿಸಿ ಇರುವಾಗಲೇ ಎಳೆದರೆ ಮೆತ್ತಗಿನ ಟೋನರೂ ಫಾಯಿಲಿನ ಜೊತೆ ಎದ್ದುಬರುತ್ತದೆ. ತಣಿದ ಮೇಲೆ ಒಂದು ಮೂಲೆಯಿಂದ, ಹಿಂದಕ್ಕೆ ಮಡಚಿ, ನಿಧಾನವಾಗಿ ಬಿಡಿಸಿ.

ಅಂಚುಗಳಲ್ಲಿ ಬಿಟ್ಟುಹೋಗಿದ್ದರೆ ಬಿಸಿ ಸಾಲದು: ಅದರ ಮೇಲೆ ಹೊಸ ತುಂಡಿಟ್ಟು ಇನ್ನೊಮ್ಮೆ ದಾಟಿಸಿ, ಬಿಟ್ಟ ಜಾಗ ತುಂಬಿಕೊಳ್ಳುತ್ತದೆ. ಕಾಗದದ ಖಾಲಿ ಮೈಗೂ ಚಿನ್ನದ ಪುಡಿ ಮೆತ್ತಿದ್ದರೆ ಬಿಸಿ ಜಾಸ್ತಿ, ಇಲ್ಲವೇ ಪ್ರಿಂಟರಿನ ಡ್ರಮ್ ಕೊಳೆಯಾಗಿ ಕಣ್ಣಿಗೆ ಕಾಣದ ಟೋನರ್ ಧೂಳು ಎಲ್ಲೆಡೆ ಬಿದ್ದಿದೆ. ಮೃದು ರಬ್ಬರಿನಿಂದ ಹಗುರವಾಗಿ ಒರೆಸಿದರೆ ಬಹಳಷ್ಟು ಹೋಗುತ್ತದೆ. ಉಗುರಿನಿಂದ ಕೆರೆದಾಗ ಅಕ್ಷರವೇ ಏಳುತ್ತಿದ್ದರೆ ತಪ್ಪು ಫಾಯಿಲಿನದಲ್ಲ, ಟೋನರೇ ಕಾಗದಕ್ಕೆ ಸರಿಯಾಗಿ ಕೂತಿಲ್ಲ.

ಮಳೆಗಾಲದ ಕರೆಂಟಿನದೂ ಒಂದು ಮಾತು. ಲೇಸರ್ ಪ್ರಿಂಟರ್ ಕಾಯುವ ಕ್ಷಣದಲ್ಲಿ ತುಂಬಾ ಕರೆಂಟ್ ಎಳೆಯುತ್ತದೆ, ಮನೆಯ ಸಣ್ಣ ಇನ್ವರ್ಟರ್ ಅದನ್ನು ತಡೆದುಕೊಳ್ಳುವುದಿಲ್ಲ. ಪ್ರಿಂಟ್ ಎಲ್ಲ ಮುಗಿಸಿ, ಪ್ರಿಂಟರ್ ಆರಿಸಿ, ಆಮೇಲೆ ಫಾಯಿಲ್. ವೋಲ್ಟೇಜ್ ಇಳಿದರೆ ರೋಲರ್ ತಣ್ಣಗಾಗಿ ಆ ಹೊತ್ತಿನ ಹಾಳೆಗಳೆಲ್ಲ ಅರೆಬರೆ. ಬಲ್ಬ್ ಮಂಕಾದರೆ ಕೈ ನಿಲ್ಲಿಸಿ. ಕರೆಂಟ್ ಹೋದಾಗ ಹಾಳೆ ರೋಲರಿನ ನಡುವೆ ಸಿಕ್ಕಿದ್ದರೆ ಬಿಡುಗಡೆಯ ಗುಂಡಿ ಒತ್ತಿ ಕೂಡಲೇ ಎಳೆದುಕೊಳ್ಳಿ.

ಅಂಚಿನ ಅಲಂಕಾರಕ್ಕೆ ನಮ್ಮ ಕಡೆಯ ಹಸೆ ಚಿತ್ತಾರಕ್ಕಿಂತ ಒಪ್ಪುವುದು ಬೇರೊಂದಿಲ್ಲ. ಸಾಗರ, ಸೊರಬದ ದೀವರ ಮನೆಗಳಲ್ಲಿ ಮದುವೆಗೆ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಆ ಗೆರೆಗಳು ಫಾಯಿಲಿಗೆ ಹೇಳಿಮಾಡಿಸಿದಂತಿವೆ, ಏಕೆಂದರೆ ಅವು ಗೆರೆಗಳು, ತುಂಬಿದ ಮೈಗಳಲ್ಲ. ದೊಡ್ಡ ತುಂಬು ಕಪ್ಪಿನಲ್ಲಿ ಸಣ್ಣ ತೂತುಗಳು ಬೀಳುವುದು ಖಚಿತ. ಆದರೆ ಇಡೀ ಹಸೆಗೋಡೆಯನ್ನು ಎ5ಗೆ ಕುಗ್ಗಿಸಬೇಡಿ, ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಂಚಿನ ಒಂದು ಪಟ್ಟಿಯನ್ನು ಮಾತ್ರ ತೆಗೆದುಕೊಂಡು ಗೆರೆಗೆ ಅರ್ಧ ಮಿಲಿಮೀಟರ್, ನಡುವೆ ಒಂದು ಮಿಲಿಮೀಟರ್ ಬಿಡಿ. ಕೆಮ್ಮಣ್ಣಿನ ಬಣ್ಣದ ಕಾಗದಕ್ಕೆ ಚಿನ್ನಕ್ಕಿಂತ ಬೆಳ್ಳಿ ಫಾಯಿಲ್ ಹಾಕಿ ನೋಡಿ, ಗೋಡೆಯ ಬಿಳಿ ಗೆರೆಗೆ ಅದೇ ಹತ್ತಿರ. ಅಂಚಿಗೆ ಪಟ್ಟಿಗಳನ್ನು ಬೇರೆ ಕತ್ತರಿಸಬೇಕು, ಮೇಲಿನ ಲೆಕ್ಕಕ್ಕೆ ಅದನ್ನು ಸೇರಿಸಿಕೊಳ್ಳಿ.

ನಾಲ್ಕು ಮೂಲೆಗಳಲ್ಲಿ 15 ಮಿಲಿಮೀಟರ್ ಜಾಗ ಫಾಯಿಲ್ ಇಲ್ಲದೆ ಇರಲಿ, ಅಲ್ಲಿಗೆ ಅರಿಶಿನ ಕುಂಕುಮ ಹಚ್ಚಬೇಕು. ಫಾಯಿಲಿನ ನಯಕ್ಕೆ ಅರಿಶಿನ ನಿಲ್ಲದೆ ಜಾರಿ ಹೆಸರಿನ ಕಡೆ ಹರಡುತ್ತದೆ. ಅರಿಶಿನ ಗಟ್ಟಿಯಾಗಿ ಕಲಸಿ, ನೀರು ಹೆಚ್ಚಾದರೆ 160ರ ಕಾಗದ ಮೂಲೆಯಲ್ಲಿ ಉಬ್ಬುತ್ತದೆ. ಹಚ್ಚಿದ ಪತ್ರಿಕೆಗಳನ್ನು ಫ್ಯಾನಿನ ಕೆಳಗೆ ಹರಡಿ ಪೂರ್ತಿ ಒಣಗಿಸಿದ ಮೇಲೆಯೇ ಜೋಡಿಸಿ, ಒಂದೊಂದರ ನಡುವೆ ಬಟರ್ ಪೇಪರಿನ ತುಂಡಿರಲಿ. ಫಾಯಿಲಿಗೆ ಫಾಯಿಲ್ ಉಜ್ಜಿದರೆ ಗೀರು ಬೀಳುತ್ತದೆ. ಅಂಚೆಗೆ ಹಾಕುವವನ್ನು ಲಕೋಟೆಯೊಳಗೆ ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಳಿಸಿ. ಹೆಸರು ಬಿಡಿಸಿಕೊಂಡ ಫಾಯಿಲ್ ಪಟ್ಟಿಯನ್ನು ಎಸೆಯಬೇಡಿ. ಅಕ್ಷರಗಳ ಸುತ್ತ ಇನ್ನೂ ಸಾಕಷ್ಟು ಬಣ್ಣ ಉಳಿದಿರುತ್ತದೆ, ಲಕೋಟೆಯ ಮೇಲಿನ ಒಂದಕ್ಷರಕ್ಕೂ ತಾಂಬೂಲದ ಚೀಲದ ಚೀಟಿಗೂ ಅದು ಸಾಕಾಗುತ್ತದೆ.