ಟಕೀಲಾ ಸನ್‌ರೈಸ್‌ಗೆ ಚಮಚ ಹಾಕಬೇಡಿ

ಹಡಗಿನ ಕೆಲಸದಲ್ಲಿರುವ ಮಗ ಒಮ್ಮೆ ಮೇ ತಿಂಗಳಲ್ಲಿ ರಜೆಗೆ ಬಂದಾಗ, "ಆಯಿ, ಇವತ್ತು ಟಕೀಲಾ ಸನ್‌ರೈಸ್ ಮಾಡೋಣ" ಎಂದ. ಟಕೀಲಾ ಎಂಬ ಮದ್ಯಕ್ಕೆ ಕಿತ್ತಳೆ ರಸ, ಕೆಂಪು ಸಿರಪ್ ಸೇರಿಸಿ ಮಾಡುವ ಕಾಕ್‌ಟೇಲ್ ಇದು. ಗ್ಲಾಸಿನ ತಳದಲ್ಲಿ ಕೆಂಪು, ಮೇಲೆ ಹೋದಂತೆ ಕಿತ್ತಳೆ, ತುದಿಯಲ್ಲಿ ಹಳದಿ. ಮೊದಲ ಗ್ಲಾಸನ್ನು ಕೆಡಿಸಿದ್ದು ನಾನೇ. ಪಾನಕ ಮಾಡಿ ಪಳಗಿದ ಕೈ ನೋಡಿ, ಸಿರಪ್ ಬಿದ್ದ ಕೂಡಲೇ ಚಮಚ ಹಾಕಿ ಗರಗರ ತಿರುಗಿಸಿಬಿಟ್ಟೆ. ಸೂರ್ಯೋದಯ ಹೋಗಿ ಕೆಮ್ಮಿನ ಔಷಧಿಯ ಬಣ್ಣ ಬಂತು.

ಇದರಲ್ಲಿ ಮಾಯಮಂತ್ರ ಏನೂ ಇಲ್ಲ. ಸಕ್ಕರೆ ಜಾಸ್ತಿ ಇರುವ ಸಿರಪ್ ಭಾರ, ಅದು ತಳಕ್ಕೆ ಇಳಿಯುತ್ತದೆ. ಹಣ್ಣಿನ ರಸ ಅದಕ್ಕಿಂತ ಹಗುರ. ಮದ್ಯ ಇನ್ನೂ ಹಗುರ. ಅದಕ್ಕೇ ಟಕೀಲಾ ಮತ್ತು ಕಿತ್ತಳೆ ರಸವನ್ನು ಮೊದಲೇ ಕಲಸಿಕೊಳ್ಳಬೇಕು. ಇಲ್ಲದಿದ್ದರೆ ಟಕೀಲಾ ಮೇಲೆ ನಿಂತು ಮೊದಲ ಗುಟುಕೇ ಗಂಟಲು ಸುಡುತ್ತದೆ. ಕಲಕುವುದೆಲ್ಲ ಸಿರಪ್ ಹಾಕುವ ಮೊದಲೇ ಮುಗಿಯಬೇಕು.

ಅಳತೆ ಸುಲಭ. ಉದ್ದನೆಯ ಗ್ಲಾಸಿನ ತುಂಬ ದೊಡ್ಡ ಐಸ್ ತುಂಡು, 45 ಮಿಲಿ ಟಕೀಲಾ, 90 ಮಿಲಿ ಕಿತ್ತಳೆ ರಸ, ಕೊನೆಗೆ 15 ಮಿಲಿ ಸಿರಪ್. ಬಣ್ಣವಿಲ್ಲದ ಬಿಳಿ ಟಕೀಲಾ ಸಾಕು, ದುಬಾರಿಯದ್ದು ಬೇಡ. ಗೋವಾದಲ್ಲಿ ಅಗ್ಗ ಎಂದು ತರಲು ಹೋಗಬೇಡಿ, ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಾಟಲಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಟಕೀಲಾ ಕಳ್ಳಿಯ ಮದ್ಯ ಎನ್ನುವವರಿದ್ದಾರೆ, ಅಲ್ಲ. ಮೆಕ್ಸಿಕೋದ ನೀಲಿ ಅಗಾವೆಯದ್ದು, ನಮ್ಮ ಬೇಲಿಯ ಕತ್ತಾಳೆಯ ನೆಂಟ. ಹಾಗೆಂದು ಬೇಲಿಗೆ ಕತ್ತಿ ಹಿಡಿದು ಹೋಗಬೇಡಿ, ಕತ್ತಾಳೆ ರಸ ತಾಗಿದರೆ ಮೈಯೆಲ್ಲ ತುರಿಕೆ.

ಕಿತ್ತಳೆಯನ್ನು ಮನೆಯಲ್ಲೇ ಹಿಂಡಿ ಸೋಸಿ. ಅಂಕೋಲೆಯ ಕರಿ ಈಶಾಡು ಮಾವಿನ ರಸ ಹಾಕೋಣವೇ ಎಂದು ಸೊಸೆ ಕೇಳಿದಳು. ರುಚಿಯೇನೋ ಬರುತ್ತದೆ, ಆದರೆ ಆ ದಪ್ಪ ರಸದಲ್ಲಿ ಸಿರಪ್ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಈಶಾಡನ್ನು ಸುಮ್ನೆ ಹಾಗೇ ತಿನ್ನಿ.

ಇನ್ನು ಸಿರಪ್. ಎಲ್ಲ ಇರುವುದು ಇದರಲ್ಲೇ. ಇದಕ್ಕೆ ಹಾಕುವ ಗ್ರೆನಡಿನ್ ಎಂದರೆ ದಾಳಿಂಬೆಯ ಸಿರಪ್. ಅಂಗಡಿಯ ಕೆಲವು ಬಾಟಲಿಗಳಲ್ಲಿ ದಾಳಿಂಬೆಯ ಸುಳಿವೇ ಇರುವುದಿಲ್ಲ, ಬರೀ ಬಣ್ಣ ಮತ್ತು ಸಕ್ಕರೆ. ಮನೆಯಲ್ಲಿ ಮಾಡುವುದಾದರೆ ಕಾಳುಗಳನ್ನು ಮಿಕ್ಸಿಯಲ್ಲಿ ಒಂದೆರಡು ಸಲ ಗುರ್ ಎನಿಸಿ ಬಟ್ಟೆಯಲ್ಲಿ ಸೋಸಿ. ಜಾಸ್ತಿ ರುಬ್ಬಿದರೆ ಒಳಗಿನ ಬೀಜ ಒಡೆದು ಕಹಿ. ಒಂದು ಲೋಟ ರಸಕ್ಕೆ ಒಂದು ಲೋಟ ಸಕ್ಕರೆ, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವಷ್ಟು ಬಿಸಿ, ಆಮೇಲೆ ನಾಲ್ಕು ಹನಿ ನಿಂಬೆ. ಕುದಿಸಿದರೆ ತಾಜಾ ರುಚಿ ಹೋಗುತ್ತದೆ.

ಆ ದಿನ ನನ್ನ ಹತ್ತಿರ ದಾಳಿಂಬೆ ಇರಲಿಲ್ಲ. ಮಹಡಿಯ ಮೇಲೆ ಮುರುಗಲು (ಕೋಕಂ) ಭರಣಿ ಮಾತ್ರ ಬಿಸಿಲು ಕಾಯುತ್ತಿತ್ತು. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ ಮುರುಗಲು ಕಾಲ ಅಲ್ವಾ? ಹಣ್ಣು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಒತ್ತೊತ್ತಾಗಿ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಟ್ಟರೆ ಗಟ್ಟಿ ಕೆಂಪು ರಸ ಬಿಡುತ್ತದೆ. ಅದನ್ನೇ ಸೋಸಿ ಹಾಕಿದೆವು. ಗ್ರೆನಡಿನ್‌ಗಿಂತ ಹುಳಿ, ಬಣ್ಣವೂ ಸ್ವಲ್ಪ ನೇರಳೆ ಕಡೆಗೆ. ನನ್ನನ್ನು ಕೇಳಿದರೆ ಇದೇ ವಾಸಿ, ಕಿತ್ತಳೆಯ ಸಿಹಿಗೆ ಒಂದು ಚುರುಕು ಬಂತು. ಆದರೆ ಜೀರಿಗೆ ಹಾಕಿದ ಶರಬತ್ತು ಬೇಡ, ಸಾರಿಗೆ ಇಟ್ಟ ಉಪ್ಪಿನ ಮುರುಗಲಂತೂ ಬೇಡವೇ ಬೇಡ.

ಸಿರಪ್ ಸರಿಯಾಗಿದೆಯೇ ಎಂದು ನೋಡಲು ತಣ್ಣೀರಿನ ಲೋಟಕ್ಕೆ ಅರ್ಧ ಚಮಚ ಬಿಡಿ. ನೇರ ತಳಕ್ಕೆ ಹೋಗಿ ಕುಳಿತರೆ ಸರಿ. ಹೊಗೆಯ ಹಾಗೆ ಹರಡಿದರೆ ತೆಳ್ಳಗಾಗಿದೆ, ಇನ್ನಷ್ಟು ಸಕ್ಕರೆ ಬೇಕು. ಹೊಯ್ಯುವಾಗ ಗ್ಲಾಸನ್ನು ಸ್ವಲ್ಪ ಓರೆ ಹಿಡಿದು, ಒಳಗೋಡೆಗೆ ತಾಗಿಸಿ ನಿಧಾನ ಇಳಿಸಿ. ಐಸ್ ಮೇಲೆ ಸುರಿದರೆ ಚದುರುತ್ತದೆ. ಅರ್ಧ ನಿಮಿಷ ಮುಟ್ಟದೆ ಬಿಡಿ, ಕೆಂಪು ತಾನಾಗಿಯೇ ಮೇಲಕ್ಕೆ ತಿಳಿಯಾಗುತ್ತದೆ.

ಕಿತ್ತಳೆ ರಸ ಹಾಕುವ ಈ ಬಗೆಯ ಸನ್‌ರೈಸ್ ಹೆಸರು ಮಾಡಿದ್ದು 1970ರ ದಶಕದ ಶುರುವಿನಲ್ಲಿ, ಕ್ಯಾಲಿಫೋರ್ನಿಯಾದ ಸಾಸಲಿಟೊ ಎಂಬ ಕಡಲೂರಿನಲ್ಲಿ ಎಂದು ಮಗ ಹೇಳಿದ. ಅವರ ಕಡಲೂ ಪಶ್ಚಿಮಕ್ಕೇ ಅಂತೆ. ಕಾರವಾರದಲ್ಲಿ ಸೂರ್ಯ ಹುಟ್ಟುವುದು ಗುಡ್ಡದ ಹಿಂದೆ, ಈ ಬಣ್ಣ ಕಾಣುವುದು ಟಾಗೋರ್ ಬೀಚಿನಲ್ಲಿ ಸಂಜೆ. ಹೆಸರಿಟ್ಟವರನ್ನು ಯಾರು ಕೇಳಬೇಕು!

ಕುಡಿಯದವರಿಗೆ, ಮಕ್ಕಳಿಗೆ ಟಕೀಲಾ ಬಿಟ್ಟು ಉಳಿದದ್ದೆಲ್ಲ ಹಾಗೇ ಮಾಡಿ, ಬಣ್ಣ ಅಷ್ಟೇ ಚೆನ್ನಾಗಿ ಬರುತ್ತದೆ. ಕುಡಿಯುವವರಿಗೆ ಸಿಹಿಯಲ್ಲಿ ಅಮಲು ಗೊತ್ತಾಗುವುದಿಲ್ಲ, ಎರಡಕ್ಕೆ ಸಾಕು. ನಮ್ಮ ಮನೆಯಲ್ಲಿ ಮೊದಲ ಗ್ಲಾಸು ಕೈಗೆ ಬರುವ ಮೊದಲು ಗಾಡಿಯ ಕೀಲಿ ನನ್ನ ಸೆರಗಿನ ಗಂಟಿಗೆ ಬರಬೇಕು. ಜೊತೆಗೆ ಖಾರದ ಬಂಗಡೆ ಫ್ರೈ ಇರಲಿ.

ಭರಣಿಯಲ್ಲಿ ಉಳಿದ ಮುರುಗಲು ಸಿಪ್ಪೆ ಎಸೆಯಬೇಡಿ. ಇನ್ನೆರಡು ದಿನ ಬಿಸಿಲಿಗೆ ಹರವಿದರೆ ಹುಳಿಸಿಹಿ ಮಿಠಾಯಿ. ಇರುವೆ ಬರದ ಡಬ್ಬಿಯಲ್ಲಿಡಿ, ಮೊಮ್ಮಕ್ಕಳಿಗೆ ಕಾಣದ ಹಾಗೆ.