ಓದಲ್ಲ, ಬರೆಯಲ್ಲ, ಹೇಳಿದ ಮಾತು ಕೇಳಲ್ಲ ಅನ್ನೋ ಮಕ್ಕಳ ಜೊತೆ ಹೆಂಗಿರ್ಬೇಕು: ದಾವಣಗೆರೆ ಕಡೆ ಅಪ್ಪ ಅಮ್ಮಂದಿರಿಗೆ

ನಮ್ಮ ಕಡೆ ಮಗು ಮೂರನೇ ಕ್ಲಾಸಿಗೆ ಬಂದ್ರೂ ಓದ್ತಿಲ್ಲ ಅಂದ್ರೆ ಮೊದಲು ಬರೋ ಮಾತು "ಸೋಂಬೇರಿ ರೀ ಇವ್ನು", ಆಮೇಲೆ "ಮೊಬೈಲ್ ಜಾಸ್ತಿ ಆಗೈತೆ", ಅದೂ ಆದ್ಮೇಲೆ "ಅವ್ರಪ್ಪನೂ ಹಿಂಗೇ ಇದ್ದ, ದೊಡ್ಡೋನಾದ್ರೆ ಸರಿ ಹೋಗ್ತಾನೆ ಬಿಡ್ರಿ". ಇದ್ರಲ್ಲೇ ವರ್ಷಗಟ್ಟಲೆ ಕಳೆದು ಹೋಗುತ್ತೆ. ನಾನು ಡಾಕ್ಟರ್ ಅಲ್ಲ, ಇಂಥ ಮಕ್ಕಳನ್ನ ಪಕ್ಕ ಕೂರಿಸ್ಕೊಂಡು ಪಾಠ ಹೇಳೋಳು, ಬಂದ ಅಪ್ಪ ಅಮ್ಮಂದಿರಿಗೆ ಏನ್ ಹೇಳ್ತೀನೋ ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಕಣ್ಣು ಕಿವಿ ತೋರಿಸ್ರಿ. ಕಿವಿ ಸೋರೋ ಮಗುಗೆ ಟೀಚರ್ ಹೇಳೋದ್ರಲ್ಲಿ ಅರ್ಧ ಕೇಳ್ಸಿರಲ್ಲ, ಬೋರ್ಡ್ ಕಾಣ್ದೇ ಇರೋ ಮಗು ಪಕ್ಕದವ್ನ ಬುಕ್ ನೋಡಿ ಬರೀತಿರುತ್ತೆ, ಎರಡನ್ನೂ ಮನೇಲಿ "ದಡ್ಡ" ಅಂತ ಲೆಕ್ಕ ಹಾಕಿರ್ತಾರೆ. ಅಂಗನವಾಡಿಗೆ, ಸರ್ಕಾರಿ ಸ್ಕೂಲಿಗೆ ಆರ್‌ಬಿಎಸ್‌ಕೆ ಅಂತ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಟೀಮ್ ಬಂದು ಮಕ್ಕಳನ್ನ ಚೆಕ್ ಮಾಡುತ್ತೆ, 18 ವರ್ಷದವರೆಗೂ ಐತೆ ಅದು, ಅವ್ರು ದೊಡ್ಡಾಸ್ಪತ್ರೆಗೆ ಬರೆದು ಕೊಟ್ರೆ ಆ ಚೀಟಿನ ಫ್ರಿಜ್ ಮೇಲಿಟ್ಟು ಮರೀಬೇಡ್ರಿ.

ಕಣ್ಣು ಕಿವಿ ಸರಿ ಇದ್ದು, ಮಾತಾಡೋದ್ರಲ್ಲಿ ಚುರುಕಿದ್ದು, ಅಂಗಡಿ ಚಿಲ್ಲರೆ ಲೆಕ್ಕ ಎಲ್ಲಾ ಬಂದು, ಪುಸ್ತಕ ತೆಗೆದ್ರೆ ಮಾತ್ರ ನಿಂತು ಹೋಗ್ತಾನೆ ಅಂದ್ರೆ ಕಲಿಕಾ ನ್ಯೂನತೆ ಇರ್ಬೋದು, ಡಿಸ್ಲೆಕ್ಸಿಯಾ ಅಂತಾರಲ್ಲ ಅದು. ಕನ್ನಡದಲ್ಲಿ ಇದು ಕಾಣೋ ರೀತಿ ಬೇರೆ. "ಕಮಲ" "ಬಸವ" ಅಂತ ಓದ್ಬಿಡ್ತಾರೆ, "ಅಜ್ಜಿ" ಬಂದ್ರೆ "ಅಜಿ" ಆಗುತ್ತೆ, ಒತ್ತು ಹೋಯ್ತು, ದೀರ್ಘ ಹೋಯ್ತು, ಮ ಇದ್ದಲ್ಲಿ ಯ, ಪ ಇದ್ದಲ್ಲಿ ಷ, ಇನ್ನು ದ ಧ ಥ ಅಂತೂ ಕೇಳ್ಬೇಡ್ರಿ. ಚಿಕ್ಕ ಕ್ಲಾಸಲ್ಲಿ ಎಲ್ಲಾ ಮಕ್ಕಳೂ ಹಿಂಗ್ ಮಾಡ್ತಾರೆ, ಒಂದರಿಂದ ಮೂರನೇ ಕ್ಲಾಸಿನ ನಲಿಕಲಿ ಮುಗಿದು ನಾಲ್ಕನೇ ಕ್ಲಾಸಿಗೆ ಹೋದ್ಮೇಲೂ ಹಂಗೇ ಇದ್ರೆ ತೋರಿಸ್ಬೇಕು. ಮನೇಲೇ ಒಂದು ಪರೀಕ್ಷೆ ಮಾಡ್ಬೋದು, ಪಾಠ ನೀವೇ ಓದಿ ಹೇಳ್ರಿ, ಪ್ರಶ್ನೇನೂ ಬಾಯಲ್ಲೇ ಕೇಳ್ರಿ. ಬಾಯಲ್ಲಿ ಟಕ್ ಅಂತ ಉತ್ತರ ಬಂದ್ರೆ ವಿಷಯ ತಲೇಲಿ ಐತೆ, ಅಡ್ಡ ಬರ್ತಿರೋದು ಅಕ್ಷರ. ಇದನ್ನ ಕಣ್ಣಾರೆ ನೋಡಿದ್ಮೇಲೆ ಎಷ್ಟೋ ಅಪ್ಪಂದಿರು ಮಗು ಮೇಲೆ ಕೈ ಎತ್ತೋದು ನಿಲ್ಸಿದಾರೆ.

ಕಲಿಸೋಕೆ "ಹತ್ತು ಸಲ ಬರಿ" ಅನ್ನೋದು ಬಿಡ್ರಿ, ತಪ್ಪೇ ಹತ್ತು ಸಲ ಬರೀತಾರೆ ಅಷ್ಟೇ. ತಟ್ಟೆಗೆ ರವೆ ಹರಡಿ, ಬೆರಳಲ್ಲಿ ಅಕ್ಷರ ತೀಡ್ತಾ ಬಾಯಲ್ಲೂ ಅದ್ರ ಶಬ್ದ ಹೇಳ್ಸಿ, ಒಂದು ದಿನಕ್ಕೆ ಒಂದೇ ಒತ್ತಕ್ಷರ ಸಾಕು, ಹತ್ತು ನಿಮಿಷ ಸಾಕು. ಟೀಚರ್ ಹತ್ರ ಹೋಗಿ ಜಗಳ ಆಡದೆ ಎರಡೇ ಕೇಳ್ರಿ: ಮುಂದಿನ ಬೆಂಚ್, ಮತ್ತೆ ಬೋರ್ಡ್ ನೋಡಿ ಕಾಪಿ ಮಾಡೋ ಬದ್ಲು ನೋಟ್ಸ್ ಜೆರಾಕ್ಸ್.

ಬುದ್ಧಿ ಬೆಳವಣಿಗೆ ನಿಧಾನ ಇರೋ ಮಕ್ಕಳಿಗೆ, ಆಟಿಸಂ (ಜನರ ಜೊತೆ ಬೆರೆಯೋದು, ಮಾತಾಡೋದು ಕಷ್ಟ ಆಗೋ ಸ್ಥಿತಿ) ಇರೋರಿಗೆ ದಿನದ ಕೆಲಸಾನೇ ಪಾಠ. ಅಂಗಿ ಹಾಕೋದು ನಮಗೆ ಒಂದು ಕೆಲಸ, ಅವ್ರಿಗೆ ಏಳೆಂಟು. ಕೊನೆಯಿಂದ ಕಲಿಸ್ರಿ, ಎಲ್ಲಾ ನೀವೇ ಹಾಕಿ ಕೊನೇ ಗುಂಡಿ ಮಾತ್ರ ಅವ್ನಿಗೆ ಬಿಡ್ರಿ, ಅದು ಬಂದ್ಮೇಲೆ ಕೊನೇ ಎರಡು. ಹಿಂಗ್ ಮಾಡಿದ್ರೆ ಪ್ರತಿ ಸಲ ಕೆಲಸ ಮುಗಿಸೋನು ಅವ್ನೇ ಆಗ್ತಾನೆ, ಅದ್ರ ಖುಷಿ ಮುಖದಲ್ಲಿ ಕಾಣುತ್ತೆ. ಸಂಜೆ ಮಂಡಕ್ಕಿ ಕಲಸೋವಾಗ್ಲೂ ಹತ್ರ ಕರ್ಕೊಳ್ರಿ, ಮಂಡಕ್ಕಿ ಸುರಿ, ಈರುಳ್ಳಿ ಹಾಕು, ಖಾರ ಹಾಕು, ಕಲಸು ಅಂತ ಒಂದೊಂದೇ ಮಾತು, ಒಂದು ಮುಗಿದ ಮೇಲೆ ಇನ್ನೊಂದು. ಹೊಗಳೋವಾಗ ಬರೀ "ಜಾಣ ಮರಿ" ಅನ್ಬೇಡ್ರಿ, "ಇವತ್ತು ಗುಂಡಿ ನೀನೇ ಹಾಕ್ಕೊಂಡೆ" ಅನ್ರಿ, ಯಾವುದಕ್ಕೆ ಖುಷಿ ಆಯ್ತು ಅಂತ ಗೊತ್ತಾದ್ರೆ ನಾಳೆ ಅದನ್ನೇ ಮಾಡ್ತಾರೆ.

ದುಗ್ಗಮ್ಮನ ಜಾತ್ರೇಲಿ ಕಿವಿ ಮುಚ್ಕೊಂಡು ಚೀರೋ ಮಗು ಹಠ ಮಾಡ್ತಿಲ್ಲ, ಆ ಸೌಂಡು ಆ ಜನ ಅವ್ನಿಗೆ ತಡೆಯಕ್ಕಾಗ್ತಿಲ್ಲ. ಬೆಳಗ್ಗೆ ಬೇಗ ಹೋಗಿ ಕೈ ಮುಗಿದು ಬಂದ್ಬಿಡ್ರಿ, ಅಮ್ಮ ಏನೂ ಬೇಜಾರಾಗಲ್ಲ. ತಾಯಿತ, ಹರಕೆ ನಿಮ್ಮ ನಂಬಿಕೆ, ನಾನೇನೂ ಅನ್ನಲ್ಲ, ಆದ್ರೆ ಅದು ಆದ್ಮೇಲೆ ಥೆರಪಿ ನೋಡೋಣ ಅಂತ ಕಾಯ್ಬೇಡ್ರಿ.

ಇನ್ನು ಓಡಾಟ. ದಾವಣಗೆರೇಲೇ ಸಿಆರ್‌ಸಿ ಐತೆ, ಅಂಗವೈಕಲ್ಯ ಇರೋರಿಗೆ ಪರೀಕ್ಷೆ, ಥೆರಪಿ ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಡೈರೆಕ್ಟ್ ಬೆಂಗಳೂರು ನಿಮ್ಹಾನ್ಸ್ ಅಂತ ಹೊರಡ್ತಾರೆ. ಮೊದ್ಲು ಇಲ್ಲಿ ತೋರಿಸ್ರಿ. ಯುಡಿಐಡಿ ಕಾರ್ಡಿಗೆ, ಅಂದ್ರೆ ಅಂಗವೈಕಲ್ಯದ ಗುರುತಿನ ಚೀಟಿಗೆ, ಆಧಾರ್, ಫೋಟೋ ತಗೊಂಡು ಸೈಬರ್‌ನಲ್ಲಿ ಅರ್ಜಿ ಹಾಕಿದ್ರೆ ಆಮೇಲೆ ಸರ್ಕಾರಿ ಆಸ್ಪತ್ರೇಲಿ ಡಾಕ್ಟರ್ ಪರೀಕ್ಷೆ ಮಾಡ್ತಾರೆ, ನಮಗೆ ಚಿಗಟೇರಿ ಆಸ್ಪತ್ರೆನೇ ಜಿಲ್ಲಾಸ್ಪತ್ರೆ. ಹಳ್ಳಿಯವ್ರು ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗೆ ನೆರವಾಗೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹಿಡೀರಿ, ಅರ್ಜಿ ಕೆಲಸ ಅವ್ರಿಗೆ ಗೊತ್ತಿರುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ 21 ಥರದ ಅಂಗವೈಕಲ್ಯ ಸೇರ್ಸಿದಾರೆ, ಕಲಿಕಾ ನ್ಯೂನತೆ, ಆಟಿಸಂ ಎರಡೂ ಅದ್ರಲ್ಲಿ ಐತೆ, ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ನಿರಾಮಯ ಅನ್ನೋ ಆರೋಗ್ಯ ಇನ್ಶೂರೆನ್ಸ್ ಐತೆ, 1 ಲಕ್ಷದವರೆಗೆ, ಥೆರಪಿ ಖರ್ಚೂ ಅದ್ರಲ್ಲಿ ಸ್ವಲ್ಪ ಬರುತ್ತೆ.

ಸ್ಕೂಲಿಗೆ ಹೋಗಕ್ಕೇ ಆಗದ ಮಗು ಇದ್ರೆ ಬಿಇಒ (ತಾಲ್ಲೂಕಿನ ಶಿಕ್ಷಣ ಅಧಿಕಾರಿ) ಆಫೀಸಲ್ಲಿ ಬಿಐಇಆರ್‌ಟಿ, ಅಂದ್ರೆ ವಿಶೇಷ ಅಗತ್ಯ ಇರೋ ಮಕ್ಕಳ ಟೀಚರ್ ಯಾರು ಅಂತ ಕೇಳ್ರಿ, ಮನೆ ಪಾಠದ ವ್ಯವಸ್ಥೆ ಬಗ್ಗೆ ಅವ್ರ ಹತ್ರಾನೇ ಮಾತಾಡ್ಬೇಕು. ಎಸ್ಸೆಸ್ಸೆಲ್ಸಿಗೆ ಜಾಸ್ತಿ ಟೈಮು, ಬರೆಯೋಕೆ ಸಹಾಯಕರು ಸಿಗ್ತಾರೆ, ಆದ್ರೆ ವೈಕಲ್ಯದ ಸರ್ಟಿಫಿಕೇಟ್ ಬೇಕು, ಹಾಲ್ ಟಿಕೆಟ್ ಬಂದ್ಮೇಲೆ ಓಡಾಡಿದ್ರೆ ಆಗಲ್ಲ, ಎಂಟನೇ ಕ್ಲಾಸಲ್ಲೇ ಹೆಡ್ ಮಾಸ್ಟರ್ ಹತ್ರ ಮಾತಾಡಿ ಪೇಪರ್ಸ್ ಶುರು ಮಾಡ್ರಿ.