ಇಂಗ್ಲೆಂಡಿನಲ್ಲಿ ಟ್ಯೂಷನ್ ಹೇಳಬೇಕಾ? ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಒಂದಿಷ್ಟು ಮಾಹಿತಿ

ಬಳ್ಳಾರಿಯಲ್ಲೋ ಕೊಪ್ಪಳದಲ್ಲೋ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವರು ಇಂಗ್ಲೆಂಡಿಗೆ ಬಂದ ಮೇಲೆ ಮೊದಲು ಕೇಳುವುದು ಒಂದೇ: ನನ್ನ ಬಿ.ಎಡ್. ಇಲ್ಲಿ ನಡೆಯುತ್ತಾ? ಮನೆಪಾಠಕ್ಕೆ ಅದು ಕಡ್ಡಾಯವೇ ಅಲ್ಲ. ಖಾಸಗಿ ಟ್ಯೂಟರ್ ಆಗಲು ಇಂಥ ಪದವಿ, ಇಂಥ ಲೈಸೆನ್ಸ್ ಬೇಕು ಅಂತ ಇಲ್ಲಿ ಕಾನೂನಿಲ್ಲ. ಸರ್ಕಾರಿ ಶಾಲೆಗಳು ಸಾಮಾನ್ಯವಾಗಿ ಕೇಳುವ ಕ್ಯೂಟಿಎಸ್, ಅಂದರೆ ಇಲ್ಲಿನ ಅಧಿಕೃತ ಶಿಕ್ಷಕ ಅರ್ಹತೆ ಕೂಡ ಬೇಕಿಲ್ಲ. ಹಾಗಂತ ಯಾರು ಬೇಕಾದರೂ ಶುರು ಮಾಡಬಹುದು ಅಂದುಕೊಳ್ಳಬೇಡಿ.

ಮೊದಲು ವೀಸಾ ನೋಡಿ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ದುಡಿಮೆಗೆ ಅವಕಾಶವಿಲ್ಲ. ಪಕ್ಕದ ಮನೆ ಹುಡುಗನಿಗೆ ದುಡ್ಡು ತಗೊಂಡು ಪಾಠ ಹೇಳಿದರೂ ಅದು ಸ್ವಂತ ದುಡಿಮೆಯೇ. ಓದು ಮುಗಿಸಿದ ಮೇಲೆ ಸಿಗುವ ಗ್ರಾಜುಯೇಟ್ ವೀಸಾದವರಿಗೆ, ಸ್ಕಿಲ್ಡ್ ವರ್ಕರ್ ಅನ್ನುವ ಕೆಲಸದ ವೀಸಾದವರ ಜೊತೆ ಬಂದ ಗಂಡ ಅಥವಾ ಹೆಂಡತಿಗೆ ಈ ತೊಡಕಿಲ್ಲ.

ಆಮೇಲೆ ಡಿಬಿಎಸ್, ಅಂದರೆ ಅಪರಾಧ ದಾಖಲೆಯ ತಪಾಸಣೆ. ಬೇಸಿಕ್ ಅನ್ನುವ ಸರಳ ತಪಾಸಣೆ ಆದರೆ ನೀವೇ ಅರ್ಜಿ ಹಾಕಬಹುದು. ಪೋಷಕರು, ಏಜೆನ್ಸಿಗಳು ಕೇಳುವುದು ಎನ್‌ಹಾನ್ಸ್ಡ್ ಡಿಬಿಎಸ್, ಅಂದರೆ ಇನ್ನೂ ಆಳವಾದ ತಪಾಸಣೆ. ಅದು ನೋಂದಾಯಿತ ಸಂಸ್ಥೆಯ ಮೂಲಕವೇ ಹೋಗಬೇಕು. ಊರಿನ ದಾಖಲೆ ಇದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ ಹೊಸದಾಗಿ ಬಂದವರಿಗೆ ಭಾರತದ ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳುತ್ತಾರೆ. ಊರು ಬಿಡುವ ಮುಂಚೆಯೇ ಪಾಸ್‌ಪೋರ್ಟ್ ಸೇವಾದಲ್ಲಿ ಮಾಡಿಸಿಕೊಂಡರೆ ಆರಾಮ.

ತೆರಿಗೆ ದೊಡ್ಡ ತಲೆನೋವೇನಲ್ಲ. ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ ಟ್ಯೂಷನ್ನಿನಿಂದ 1,000 ಪೌಂಡ್‌ಗಿಂತ ಜಾಸ್ತಿ ಬಂದರೆ, ಅದರ ನಂತರದ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟಿಗೆ (ನಮ್ಮ ಆದಾಯದ ಲೆಕ್ಕ ನಾವೇ ತೆರಿಗೆ ಇಲಾಖೆಗೆ ಕೊಡುವ ಪದ್ಧತಿ) ಹೆಸರು ನೋಂದಾಯಿಸಬೇಕು.

ನಿಜವಾದ ಕಷ್ಟ ಸಿಲೆಬಸ್ಸಿನದು. ನಮ್ಮ ಎಸ್ಸೆಸ್ಸೆಲ್ಸಿಗೆ ಒಂದೇ ಮಂಡಳಿ. ಇಲ್ಲಿ 16ನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಗೆ ಎಕ್ಯೂಎ, ಎಡೆಕ್ಸೆಲ್, ಓಸಿಆರ್ ಹೀಗೆ ಹಲವು ಬೋರ್ಡ್‌ಗಳಿವೆ. ಒಂದೇ ಬೀದಿಯ ಇಬ್ಬರು ಮಕ್ಕಳದ್ದು ಬೇರೆ ಬೇರೆ ಇರಬಹುದು. ಗ್ರೇಡ್ 9ರಿಂದ 1ರವರೆಗೆ, 9 ಎಲ್ಲಕ್ಕಿಂತ ಮೇಲು. 4 ಬಂದರೆ ಪಾಸು ಅಂತ ಲೆಕ್ಕ. ಗಣಿತದಲ್ಲಿ ಫೌಂಡೇಶನ್, ಹೈಯರ್ ಅಂತ ಎರಡು ಹಂತ. ಫೌಂಡೇಶನ್ ಬರೆದವರಿಗೆ 5ಕ್ಕಿಂತ ಮೇಲೆ ಸಿಗುವುದೇ ಇಲ್ಲ! ಮಗು ಯಾವ ಹಂತದಲ್ಲಿದೆ ಅಂತ ಕೇಳದೆ ಪಾಠ ಶುರು ಮಾಡಿದರೆ ನಿಮ್ಮ ಶ್ರಮ ವ್ಯರ್ಥ. ಮೂರು ಪೇಪರಿನಲ್ಲಿ ಒಂದಕ್ಕೆ ಕ್ಯಾಲ್ಕುಲೇಟರ್ ಇಲ್ಲ. ಅಲ್ಲಿ ನಮ್ಮವರ ಕೈ ಮೇಲು, ಅಲ್ವಾ? ಆದರೆ ಬಾಯಲ್ಲೇ ಲೆಕ್ಕ ಮಾಡಿ ಉತ್ತರ ಮಾತ್ರ ಬರೆಯುವ ಅಭ್ಯಾಸ ಮಕ್ಕಳಿಗೆ ಹತ್ತಿಸಬೇಡಿ. ಉತ್ತರ ತಪ್ಪಾದರೂ ಲೆಕ್ಕ ಬಿಡಿಸಿದ ಹಂತಗಳಿಗೆ ಅಂಕ ಇರುತ್ತೆ. ಬೋರ್ಡ್‌ಗಳ ಜಾಲತಾಣದಲ್ಲಿ ಹಳೆ ಪ್ರಶ್ನೆಪತ್ರಿಕೆ, ಮಾರ್ಕ್ ಸ್ಕೀಮ್ (ಯಾವುದಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ) ಪುಕ್ಕಟೆ ಸಿಗುತ್ತವೆ. ಮೊದಲ ತರಗತಿಗೆ ಮುಂಚೆ ಆ ಪತ್ರಿಕೆಗಳನ್ನು ಕೂತು ಬಿಡಿಸಿ. ಪದವಿ ಪತ್ರಕ್ಕಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಸ್ವಭಾವದ ಮಾತು. ಗದರಿಸುವುದು, "ಇಷ್ಟೂ ಬರಲ್ವಾ" ಅನ್ನುವುದು ಇಲ್ಲಿ ನಡೆಯಲ್ಲ. ಕಿವಿ ಹಿಂಡುವುದಂತೂ ದೂರದ ಮಾತು. ಮಗು "ಯಾಕೆ" ಅಂದರೆ ಅದು ಎದುರುತ್ತರವಲ್ಲ, ವಿವರಿಸಿ. ಮನೆಯಲ್ಲಿ ದೊಡ್ಡವರೊಬ್ಬರು ಇರುವಾಗ, ಬಾಗಿಲು ತೆರೆದಿಟ್ಟೇ ಪಾಠ ಮಾಡಿ. ತಿಂಗಳ ಫೀಸಿನ ಬದಲು ಗಂಟೆಗೆ ಇಷ್ಟು ಅಂತ ಮೊದಲೇ ಹೇಳಿ. ಪಾಠ ತಪ್ಪಿಸಿದರೆ ದುಡ್ಡು ಕೊಡಬೇಕಾ ಬೇಡ್ವಾ ಅನ್ನುವುದನ್ನೂ ಮೆಸೇಜಿನಲ್ಲಿ ಬರೆದಿಡಿ. ನಮ್ಮ ಕನ್ನಡದ ಮನೆಗಳಲ್ಲಂತೂ ಸಂಕೋಚಕ್ಕೆ ಯಾರೂ ಈ ಮಾತು ಎತ್ತುವುದಿಲ್ಲ, ನೀವೇ ಎತ್ತಿ.